ಎರಡು ಹೆಸರಿನವಳಿಗೆ ಕರೆಯೋಲೆ

ರಾಧಾಬಾಯಿಯವರಿಗೂ ಸರಕಾರದ ಕಂಪ್ಯೂಟರಿಗೂ ತಿಥಿಯ ವಿಷಯದಲ್ಲಿ ಜಗಳ ಶುರುವಾಗಿ ಎರಡೂವರೆ ವರ್ಷವಾಗಿತ್ತು. ಕಾಣೆಯಾದ ಹಿರಿಮಗಳನ್ನು ಹುಡುಕಿಕೊಡಿ ಎಂದು ಅವರು ಮೊದಲ ಸಲ ಕೇಳಿದ್ದು ಒಂದು ಶುದ್ಧ ಏಕಾದಶಿಯ ದಿನ. ಪ್ರತಿ ತಿಂಗಳೂ ಅದೇ ತಿಥಿಗೆ ಕೇಳಬೇಕೆಂಬುದು ಅವರ ಸಂಕಲ್ಪ. ಒಮ್ಮೆ ಕೇಳಿದ ಮೇಲೆ ಮೂವತ್ತು ದಿನ ತುಂಬದೆ ಮತ್ತೆ ಕೇಳುವಂತಿಲ್ಲ ಎಂಬುದು ಕಂಪ್ಯೂಟರಿನ ನಿಯಮ. ಪಂಚಾಂಗದ ತಿಂಗಳಿಗೆ ಮೂವತ್ತು ದಿನ ತುಂಬುವುದಿಲ್ಲ, ಸುಮಾರು ಅರ್ಧ ದಿನ ಕಡಿಮೆ ಬೀಳುತ್ತದೆ. ಹೀಗಾಗಿ ಏಕಾದಶಿ ಜಾರಿ ದ್ವಾದಶಿಯಾಯಿತು, ದ್ವಾದಶಿ ಜಾರಿ ತ್ರಯೋದಶಿಯಾಯಿತು, ಹುಣ್ಣಿಮೆ ದಾಟಿ ಈಗ ಬಹುಳ ನವಮಿಗೆ ಬಂದು ನಿಂತಿತ್ತು.

“ಇನ್ನ ಮೂರ್ನಾಕು ತಿಂಗಳಿಗೆ ತಾನ ಮತ್ತ ಏಕಾದಶಿಗೆ ಬರ್ತದ ಬಿಡು,” ಎಂದರು ರಾಧಾಬಾಯಿ, ಕನ್ನಡಕ ಏರಿಸಿ ಫೋನಿನ ಮೇಲೆ ಬೆರಳಿಡುತ್ತ. “ನಿಮ್ಮ ಕಂಪ್ಯೂಟರಂತೂ ಪಂಚಾಂಗ ಕಲಿಯೂದಿಲ್ಲ. ನಾನ ಅದರ ದಾರಿಗೆ ಹೋಗಬೇಕು.”

ಕಿರಿಮಗಳು ಮಂದಾಕಿನಿ ನಕ್ಕಳು. ಆ ಮೂವತ್ತು ದಿನದ ನಿಯಮ ಬರೆದವಳು ಅವಳೇ.

ಹುಬ್ಬಳ್ಳಿಯ ಕೊಂಡಿ ಕೇಂದ್ರದಲ್ಲಿ ಅವಳದು ಕರಡು ಬರೆಯುವ ಕೆಲಸ. ಕೊಂಡಿ ಎಂದರೆ ಯಂತ್ರವಲ್ಲ, ಪುಸ್ತಕ. ಮುನ್ನೂರ ಹನ್ನೆರಡು ಪುಟಗಳ ಮಾನದಂಡ. ರೇಶನ್ ಕಚೇರಿ, ಆಸ್ಪತ್ರೆ, ಶಾಲೆ, ಪಿಂಚಣಿ ವಿಭಾಗ, ಮದುವೆ ನೋಂದಣಿ, ಎಲ್ಲರೂ ತಂತಮ್ಮ ದಾಖಲೆಗಳನ್ನು ತಮ್ಮ ಬಳಿಯೇ ಇಟ್ಟುಕೊಂಡು, ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಯಾವ ರೀತಿಯಲ್ಲಿ ಉತ್ತರ ಕೊಡಬೇಕು ಎಂಬ ಒಪ್ಪಂದ ಅದರೊಳಗಿತ್ತು. ಆ ಪುಸ್ತಕಕ್ಕೆ ಬೀಗವಿಲ್ಲ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಬರೆದು ತಿಳಿಸಬಹುದು, ಹೆಸರು ಹೇಳಬೇಕೆಂದೇನೂ ಇಲ್ಲ. ಅದು ಬರುವ ಮೊದಲು ಮನುಷ್ಯ ತಾನು ಬದುಕಿದ್ದೇನೆ ಎಂಬ ಚೀಟಿಯನ್ನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ತಾನೇ ಹೊತ್ತು ತಿರುಗಬೇಕಿತ್ತು. ಈಗ ಕಿಟಕಿಗಳೇ ಪರಸ್ಪರ ಮಾತಾಡಿಕೊಳ್ಳುತ್ತಿದ್ದವು. ಜನ ಇಷ್ಟು ಬೇಗ ಒಗ್ಗಿಹೋದರೆಂದರೆ, ತಹಶೀಲ್ದಾರ್ ಕಚೇರಿಯ ಮುಂದಿನ ಅರ್ಜಿ ಬರೆಯುವವರೆಲ್ಲ ಎಳನೀರು ಮಾರತೊಡಗಿದ್ದರು.

ಕಿಟಕಿಗಳು ಮಾತಾಡುವುದಾದರೆ ಕಳೆದುಹೋದ ಮನುಷ್ಯರನ್ನೂ ಕೇಳಬಹುದಲ್ಲ ಎಂದು ಯಾರಿಗೋ ಹೊಳೆದು ಕರೆಯೋಲೆ ಎಂಬ ಸೇವೆ ಹುಟ್ಟಿತು. ಹುಟ್ಟುಹೆಸರು, ಹುಟ್ಟಿದ ದಿನ, ತಂದೆತಾಯಿಯ ಹೆಸರು ಕೊಟ್ಟರೆ ಆ ವ್ಯಕ್ತಿಯ ಈಗಿನ ದಾಖಲೆಯಲ್ಲಿರುವ ಫೋನಿಗೆ ಒಂದು ಸಾಲು ಹೋಗುತ್ತದೆ: ನಿಮ್ಮನ್ನು ಇಂಥವರು ಹುಡುಕುತ್ತಿದ್ದಾರೆ, ಉತ್ತರಿಸುತ್ತೀರಾ? ಮನಸ್ಸಿದ್ದರೆ ಉತ್ತರ, ಇಲ್ಲದಿದ್ದರೆ ಇಲ್ಲ. ಹುಡುಕುವವರಿಗೆ ಆಗ ಬರುವುದು ಒಂದೇ ಪದ, ಉತ್ತರವಿಲ್ಲ. ಸತ್ತಿದ್ದರೂ ಅದೇ ಪದ, ದಾಖಲೆಯೇ ಇಲ್ಲದಿದ್ದರೂ ಅದೇ, ಬದುಕಿದ್ದು ಬೇಡವೆಂದರೂ ಅದೇ. ಸತ್ತವರ ಸುದ್ದಿಯನ್ನು ಬೇರೆಯಾಗಿ ಹೇಳಿಬಿಟ್ಟರೆ ಉಳಿದವರ ಮೌನಕ್ಕೆ ಬದುಕಿದ್ದಾರೆ ಎಂಬ ಅರ್ಥ ಬಂದುಬಿಡುತ್ತದೆ ಎಂದು ಸಮಿತಿಯಲ್ಲಿ ಮೂರು ದಿನ ವಾದಿಸಿ ಈ ಮೌನ ನಿಯಮವನ್ನು ಸೇರಿಸಿದವಳೂ ಮಂದಾಕಿನಿಯೇ. ಹೊಡೆತ ತಾಳದೆ ಮನೆ ಬಿಟ್ಟು ಹೋದ ಹೆಂಗಸರನ್ನು ಕಾಯಬೇಕಾದರೆ ಇದೊಂದೇ ದಾರಿ ಎಂದಿದ್ದಳು. ಅವಳು ಯಾಕೆ ಅಷ್ಟು ಹಠ ಹಿಡಿದಳು ಎಂದು ಆಗ ಯಾರೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಫೋನು ಟಿಣ್ ಎಂದಿತು. ರಾಧಾಬಾಯಿ ಓದಿದರು, ಕನ್ನಡಕ ತೆಗೆದರು.

“ಉತ್ತರ ಇಲ್ಲಂತ,” ಎಂದು ಒಳಗೆ ಹೋಗಿ ಮಜ್ಜಿಗೆಗೆ ಒಗ್ಗರಣೆ ಹಾಕಿದರು. ಇಪ್ಪತ್ತೊಂಬತ್ತನೆಯ ಸಲ.

ಅಕ್ಕ ವನಮಾಲಾ ಹೋಗಿ ಇಪ್ಪತ್ತನಾಲ್ಕು ವರ್ಷ. ಮದುವೆಯಾದ ಎರಡನೆಯ ವರ್ಷ ಗಂಡನ ಮನೆಯಿಂದ ಓಡಿಬಂದು, ತವರಿಗೆ ಬಂದರೆ ಅಪ್ಪ ಮತ್ತೆ ಕಳಿಸುತ್ತಾರೆಂದು ಹೆದರಿ, ಹೊಲಿಗೆ ಕಲಿಸುತ್ತಿದ್ದ ಟೀಚರ ಮನೆಯಲ್ಲಿ ಅಡಗಿದ್ದಳು. ಹನ್ನೆರಡು ವರ್ಷದ ಮಂದಾಕಿನಿಗೆ ಮಾತ್ರ ಅದು ಗೊತ್ತಿತ್ತು. ಭಾವ ಬಂದು ಬಾಗಿಲಲ್ಲಿ ಕೂತು, ಹೊಸ ಕಂಪಾಸ್ ಪೆಟ್ಟಿಗೆ ಕೈಗಿಟ್ಟು, ಅಕ್ಕನ ಮೇಲೆ ಸಿಟ್ಟಿಲ್ಲ ಪುಟ್ಟಿ, ಮನೆಗೆ ಕರಕೊಂಡು ಹೋಗಬೇಕು ಅಷ್ಟೇ ಎಂದು ಕಣ್ಣೊರೆಸಿಕೊಂಡ. ಮಂದಾಕಿನಿ ಹೇಳಿಬಿಟ್ಟಳು. ಅಪ್ಪ ಮತ್ತು ಭಾವ ಹೋಗಿ ಅಕ್ಕನನ್ನು ಗಂಡನ ಮನೆಗೆ ಮರಳಿ ಕರೆದೊಯ್ದರು. ಎರಡು ತಿಂಗಳಿಗೆ ಅವಳು ಅಲ್ಲಿಂದ ಮತ್ತೆ ಹೋದಳು. ಈ ಸಲ ಯಾರಿಗೂ ಹೇಳದೆ ಹೋದಳು. ಅಪ್ಪ ತೀರಿಕೊಂಡಾಗಲೂ ಬರಲಿಲ್ಲ.

ಮರುದಿನ ಕೇಂದ್ರದಲ್ಲಿ ನಸ್ರೀನ್ ದೊಡ್ಡಮನಿ ಅವಳಿಗಾಗಿ ಕಾಯುತ್ತಿದ್ದಳು. ದಾಖಲೆಗಳ ತಾಳೆ ನೋಡುವುದು ನಸ್ರೀನ್ ಕೆಲಸ, ಮಾತು ಕಡಿಮೆ, ಚಹಾ ಜಾಸ್ತಿ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ತಾಲ್ಲೂಕುಗಳ ಪ್ರಶ್ನೆಗಳು ಹರಿದಾಡುತ್ತಿದ್ದವು.

“ಬಾ, ಒಂದು ಮಜಾ ತೋರಸ್ತೀನಿ. ಮಜಾ ಅಲ್ಲ ಅದು, ಹೊಲಸು ಕೆಲಸ,” ಎಂದಳು ನಸ್ರೀನ್. “ಗದಗ ಕಡೆ ಒಬ್ಬಾಕಿಗೆ ವಿಧವಾ ಪಿಂಚಣಿ ಸಿಗಲಿಲ್ಲಂತ ದೂರು ಬಂತು. ನೋಡಿದ್ರ ದಾಖಲೆದಾಗ ಅಕಿ ಒಬ್ಬಾಕಿ ಅಲ್ಲ, ಎರಡು ಹೆಸರಿನ ಇಬ್ಬರಿದ್ದಾಳ. ಗಂಡ ಸತ್ತಿದ್ದು ಒಬ್ಬಾಕಿಗೆ, ಪಿಂಚಣಿ ಕೇಳಾಕತ್ತಿದ್ದು ಇನ್ನೊಬ್ಬಾಕಿ. ಹಿಂಗ ಎಷ್ಟು ಮಂದಿ ಅದಾರ ಅಂತ ಬರೇ ಲೆಕ್ಕ ತಗಿಸಿದೆ, ಹೆಸರು ತಗೀಲಿಲ್ಲ. ನಮ್ಮ ಭಾಗದ ಜಿಲ್ಲಾದಾಗ ಹನ್ನೊಂದು ಸಾವಿರ.”

“ಹೆಂಗಸರ ಅಷ್ಟ?”

“ಹೆಂಗಸರ ಅಷ್ಟ. ಮದುವ್ಯಾಗ ಹೆಸರು ಬದಲಿ ಮಾಡ್ತೀರಲ್ಲ ನೀವು.”

ಮಂದಾಕಿನಿಗೆ ಅಕ್ಕನ ಮದುವೆ ಕಣ್ಣಮುಂದೆ ಬಂತು. ತಟ್ಟೆಯಲ್ಲಿ ಹರಡಿದ ಅಕ್ಕಿ, ಅದರ ಮೇಲೆ ಭಾವ ಉಂಗುರದಿಂದ ಬರೆದ ಹೆಸರು, ಪದ್ಮಜಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಡೆಯ ಎಷ್ಟೋ ಮನೆಗಳಲ್ಲಿ ಮದುಮಗಳಿಗೆ ಗೋತ್ರದ ಜೊತೆ ಹೆಸರೂ ಬದಲಾಗುತ್ತದೆ, ಅಡ್ಡಹೆಸರು ಮಾತ್ರವಲ್ಲ, ಅಮ್ಮ ಕರೆದ ಹೆಸರೂ. ಮದುವೆ ನೋಂದಣಿಯನ್ನು ಕೊಂಡಿಗೆ ಸೇರಿಸುವಾಗ ಮಂದಾಕಿನಿ ಇದನ್ನು ಮರೆತಿರಲಿಲ್ಲ. ಹಿಂದಿನ ಹೆಸರಿನಿಂದ ಮುಂದಿನ ಹೆಸರಿಗೆ ಒಂದು ಬಾಣ ಎಳೆದಿದ್ದಳು. ವನಮಾಲಾ ಎಂದು ಕೇಳಿದರೆ ಕೊಂಡಿ ಆ ಹೆಸರಿನಲ್ಲಿ ಹುಡುಕದೆ ನೇರ ಪದ್ಮಜಾ ಬಳಿಗೆ ಹೋಗುತ್ತದೆ. ಬಾಣ ಒಂದೇ ದಿಕ್ಕಿಗೆ. ಹೊಸ ಹೆಸರು ಬಿಟ್ಟು ಹಳೆಯದಕ್ಕೆ ಯಾರಾದರೂ ಮರಳಿದರೆ ಏನು ಎಂಬ ಪ್ರಶ್ನೆ ಸಮಿತಿಯ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ.

ಮನೆ ಬಿಟ್ಟು ಓಡುವವಳ ಕೈಗೆ ಸಿಗುವುದೇನು? ಹೆಚ್ಚೆಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿರುವುದು ಹುಟ್ಟುಹೆಸರು. ಅದನ್ನು ಹಿಡಿದು ಎಲ್ಲೋ ಒಂದು ಊರಲ್ಲಿ ಅವಳು ಮತ್ತೆ ವನಮಾಲಾ ಆಗಿರುತ್ತಾಳೆ. ಕೊಂಡಿಯ ಲೆಕ್ಕದಲ್ಲಿ ಅವಳು ಬೇರೆ, ಪದ್ಮಜಾ ಬೇರೆ.

“ನಸ್ರೀನ್, ಕರೆಯೋಲೆ ಹೋಗೂದು ಬಾಣದ ತುದಿಗೆ ಅಲ್ಲ?”

“ಮತ್ತ? ನೀನ ಬರದೀದಿ.”

ಮಂದಾಕಿನಿ ಕುರ್ಚಿ ಎಳೆದುಕೊಂಡು ಕೂತಳು. ಇಪ್ಪತ್ತೊಂಬತ್ತು ಸಲ ಅವ್ವನ ಕರೆ ಪದ್ಮಜಾಗೆ ಹೋಗಿದೆ. ಯಾರೂ ಇಲ್ಲದ ಹೆಸರಿಗೆ ಹೋಗಿದೆ. ಆ ದಾಖಲೆಯಲ್ಲಿರುವ ಫೋನು ಭಾವನದೇ ಆಗಿದ್ದರೆ ಪ್ರತಿ ಸಲವೂ ಅವನ ಅಂಗಿಯ ಜೇಬಿನಲ್ಲಿ ಅದು ಟಿಣ್ ಎಂದಿರಬೇಕು. ಅವಳಿಗೆ ಹೇಸಿಗೆಯಾಯಿತು. ಅದರ ಬೆನ್ನಿಗೇ ಎದೆ ತುಂಬಿ ಬಂತು. ಅಕ್ಕ ಬೇಡವೆನ್ನಲಿಲ್ಲ. ಅಕ್ಕನನ್ನು ಯಾರೂ ಕೇಳಿಯೇ ಇಲ್ಲ. ಕೇಳಿದರೆ ಬಂದಾಳು.

ಆ ವಾರ ಅವಳು ಊಟ ನಿದ್ದೆ ಬಿಟ್ಟು ಕರಡು ಬರೆದಳು. ತಿದ್ದುಪಡಿ ಸಂಖ್ಯೆ ಮೂವತ್ತೊಂದು: ಹುಟ್ಟಿದ ದಿನ, ತಂದೆತಾಯಿ, ಹುಟ್ಟೂರು ಮೂರೂ ಹೊಂದಿದರೆ ಎರಡು ಹೆಸರಿನ ದಾಖಲೆಗಳನ್ನು ಕೊಂಡಿಯೇ ತಾನಾಗಿ ಒಂದು ಮಾಡತಕ್ಕದ್ದು. ಸಮಿತಿಯ ಅಧ್ಯಕ್ಷ ಹೊಸಗೌಡರಿಗೆ ಗದಗದ ವಿಧವೆಯ ಕತೆ ಕೇಳಿ ಕಣ್ಣು ತುಂಬಿತ್ತು. ಹನ್ನೊಂದು ಸಾವಿರ ಹೆಣ್ಣುಮಕ್ಕಳ ಪುಣ್ಯ ಬರ್ತದವಾ ನಿನಗ ಎಂದು ಅಂದೇ ಕರಡನ್ನು ಸಾರ್ವಜನಿಕರ ಮುಂದಿಟ್ಟರು. ಅಭಿಪ್ರಾಯ ಹೇಳಲು ಅರವತ್ತು ದಿನ.

“ಅರವತ್ತು ದಿನ ಆದಮ್ಯಾಲೆ ನೀ ಕೇಳಿದ್ದು ಖರೇನ ಅಕ್ಕಗ ಮುಟ್ತದ,” ಎಂದು ಅವಳು ತಾಯಿಗೆ ಹೇಳಿದಳು. ಮರುದಿನದಿಂದ ರಾಧಾಬಾಯಿ ಹಿರಿಮಗಳ ಮಾತು ಬಂದಾಗಲೆಲ್ಲ ಇದ್ದಳು ಎನ್ನುವ ಕಡೆ ಇದ್ದಾಳ ಎನ್ನತೊಡಗಿದರು. ಅಕಿಗೆ ಸಕ್ಕರಿ ಕಾಯಿಲೆ ಬಂದಿರಬೇಕು, ನಮ್ಮ ಮನಿತನದಾಗ ಅದ ಎಂದು ಒಂದು ದಿನ ಚಿಂತೆಯನ್ನೂ ಮಾಡಿದರು.

ಮೊದಲ ಮೂರು ವಾರ ಬಂದ ಅಭಿಪ್ರಾಯಗಳು ವಾಡಿಕೆಯವು. ಅಲ್ಪವಿರಾಮ ತಪ್ಪಿದೆ ಎಂದವರು ಇಬ್ಬರು, ಇಡೀ ಕೊಂಡಿಯೇ ಕಲಿಗಾಲದ ಲಕ್ಷಣ ಎಂದವರೊಬ್ಬರು. ನಾಲ್ಕನೆಯ ವಾರ ಹದಿನೇಳನೆಯದು ಬಂತು. ಹೆಸರಿಲ್ಲ, ಊರಿಲ್ಲ.

“ಕೂಡಿಸಬ್ಯಾಡ್ರಿ. ನಾನು ಈಗ ಹಳೇ ಹೆಸರಿನಾಗ ಇದ್ದೀನಿ. ಅವರ ರೇಶನ್ ಕಾರ್ಡಿನ್ಯಾಗ ಇನ್ನೂ ನನ್ನ ಹೊಸ ಹೆಸರು ಐತಿ, ನನ್ನ ಪಾಲಿನ ಅಕ್ಕಿ ತಗೋತಾರ. ತಗೊಳ್ಳಿ. ನಾನು ಸತ್ತೀನಿ ಅಂತ ಅವರು ತಿಳಕೊಂಡಾರ. ನೀವು ಎರಡೂ ಒಂದ ಮಾಡಿದ ದಿನ ಅವರಿಗೆ ತಿಳೀತದ. ನನ್ನ ಮೈದುನ ತಾಲ್ಲೂಕು ಆಫೀಸಿನ್ಯಾಗ ಅದಾನ. ನನಗ ಪಿಂಚಣಿ ಬ್ಯಾಡ, ಏನೂ ಬ್ಯಾಡ.”

ಮಂದಾಕಿನಿ ಎರಡು ಸಲ ಓದಿದಳು. ಎದ್ದು ಪ್ರಯೋಗಶಾಲೆಗೆ ಹೋದಳು. ಅಲ್ಲಿ ಸುಳ್ಳು ಹೆಸರುಗಳ ಒಂದು ಸುಳ್ಳು ತಾಲ್ಲೂಕೇ ಇತ್ತು, ನಿಯಮಗಳನ್ನು ಮೊದಲು ಅಲ್ಲಿ ಓಡಿಸಿ ನೋಡುವುದು ರೂಢಿ. ಒಂದು ಸುಳ್ಳು ಸಂಸಾರ ಕಟ್ಟಿದಳು, ಗಂಡ, ಹೆಂಡತಿ, ರೇಶನ್ ಕಾರ್ಡು. ಹೆಂಡತಿಗೆ ಬೇರೆ ಊರಲ್ಲಿ ಹಳೆಯ ಹೆಸರಿನಲ್ಲೊಂದು ಮನೆ ಕೊಟ್ಟಳು. ತಿದ್ದುಪಡಿ ಮೂವತ್ತೊಂದನ್ನು ಓಡಿಸಿದಳು. ನಾಲ್ಕೇ ಸೆಕೆಂಡು. ಸುಳ್ಳು ಗಂಡನ ಫೋನಿಗೆ ಸಂದೇಶ ಬಂತು: ನಿಮ್ಮ ಕಾರ್ಡಿನಿಂದ ಒಂದು ಹೆಸರು ತೆಗೆಯಲಾಗಿದೆ, ಕಾರಣ, ಬೇರೆ ತಾಲ್ಲೂಕಿನಲ್ಲಿ ಚಾಲ್ತಿ.

ಊರಿನ ಹೆಸರು ಅದರಲ್ಲಿರಲಿಲ್ಲ. ಚಾಲ್ತಿ ಎಂಬ ಪದ ಇತ್ತು. ಹುಡುಕಲು ಹೊರಡುವವನಿಗೆ ಅಷ್ಟೇ ಬೇಕು.

ಐವತ್ತನೆಯ ದಿನದ ಹೊತ್ತಿಗೆ ಅಂಥ ಅಭಿಪ್ರಾಯಗಳು ನಲವತ್ತಮೂರಾದವು. ಕೆಲವು ಒಂದೇ ಸಾಲಿನವು. ಒಬ್ಬಳು ಬ್ಯಾಡ ಎಂಬ ಒಂದೇ ಪದ ಬರೆದಿದ್ದಳು. ಮಂದಾಕಿನಿ ಪ್ರತಿಯೊಂದನ್ನೂ ಅಕ್ಕನದೇ ಇರಬಹುದೆಂದು ಓದಿದಳು. ಅಕ್ಷರದಲ್ಲಿ ಕೈಬರಹವಿಲ್ಲ, ದನಿಯಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಅಕ್ಕನ ಮಾತು ಯಾವ ಊರಿನ ಮಾತಾಗಿದೆಯೋ ಅವಳಿಗೆ ತಿಳಿಯದು. ಯಾವುದೂ ಅಕ್ಕನದಲ್ಲ ಎನ್ನುವ ಹಾಗಿರಲಿಲ್ಲ, ಯಾವುದೂ ಹೌದು ಎನ್ನುವ ಹಾಗೂ ಇರಲಿಲ್ಲ.

ನಸ್ರೀನ್ ಎಲ್ಲ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗಾಜಿನ ಫಲಕದ ಮುಂದೆ ನಿಂತು ಅವಳನ್ನು ಕರೆದಳು. ಯಾರದೇ ಒಬ್ಬರ ದಾಖಲೆ ತೆರೆಯಬೇಕಾದರೆ ಆ ಫಲಕದ ಮೇಲೆ ಇಬ್ಬರು ಅಧಿಕಾರಿಗಳು ಒಟ್ಟಿಗೆ ಹೆಬ್ಬೆರಳು ಒತ್ತಬೇಕು.

“ಬರೇ ನೋಡೂಣು. ಅದಾಳೋ ಇಲ್ಲೋ, ಅಷ್ಟ. ಆಮ್ಯಾಲೆ ನಾ ಮರತಬಿಡ್ತೀನಿ, ನೀನೂ ಮರತಬಿಡು,” ಎಂದು ನಸ್ರೀನ್ ತನ್ನ ಹೆಬ್ಬೆರಳು ಇಟ್ಟೇಬಿಟ್ಟಳು.

ಮಂದಾಕಿನಿಗೆ ನೋಡಬೇಕೆನಿಸಿತು. ಜೀವನದಲ್ಲಿ ಬೇರೆ ಯಾವುದನ್ನೂ ಅಷ್ಟು ಬಯಸಿರಲಿಲ್ಲ. ಕೈ ಮುಂದೆ ಹೋಯಿತು, ಬೆರಳು ಗಾಜಿಗೆ ತಾಗಿತು, ಗಾಜು ತಣ್ಣಗಿತ್ತು. ಒತ್ತುವುದೊಂದು ಬಾಕಿ.

“ನನಗ ಒಮ್ಮೆ ಗೊತ್ತಿತ್ತು ನಸ್ರೀನ್, ಅಕಿ ಎಲ್ಲಿದ್ದಾಳ ಅಂತ,” ಎಂದು ಅವಳು ಕೈ ಹಿಂದೆ ತೆಗೆದಳು. “ಗೊತ್ತಿದ್ದದ್ದು ನನ್ನ ಹತ್ರ ಉಳೀಲಿಲ್ಲ.”

ನಸ್ರೀನ್ ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡಳು. ಇಬ್ಬರೂ ಊಟಕ್ಕೆ ಹೋದರು, ಇಬ್ಬರಿಗೂ ಊಟ ಸೇರಲಿಲ್ಲ.

ಆ ಸಂಜೆ ಮಂದಾಕಿನಿ ತಾಯಿಯ ಮುಂದೆ ಎಲ್ಲ ಹೇಳಿದಳು. ರಾಧಾಬಾಯಿ ಅವರೆಕಾಯಿ ಸುಲಿಯುತ್ತಿದ್ದರು, ಕೈ ನಿಂತಿತು.

“ಅಂದ್ರ ನೀ ಅದನ್ನ ನಿಲ್ಲಸ್ತಿ.”

“ನಿಲ್ಲಸಬೇಕವ್ವಾ.”

“ಎಲ್ಲಾ ನಿನ್ನ ಕೈಯಾಗ ಅದ. ಎಲ್ಲಿದ್ದಾಳ, ಹೆಂಗಿದ್ದಾಳ, ಒಂದೂ ಬ್ಯಾಡ ನನಗ. ಜೀವಂತ ಇದ್ದಾಳಂತ ಅಷ್ಟ ಗೊತ್ತಾದ್ರ ಸಾಕು. ಅದೂ ಹೆಚ್ಚಾತೇನು?”

“ಅವನಿಗೂ ಅಷ್ಟ ಸಾಕವ್ವಾ, ಅಕ್ಕನ್ನ ಹುಡುಕಲಿಕ್ಕೆ ಹೊರಡಾಕ.”

ರಾಧಾಬಾಯಿ ಮಗಳ ಮುಖವನ್ನೇ ನೋಡಿದರು. ಸಿಟ್ಟು ಬಂದಿತ್ತು, ಬಹಳ ಸಿಟ್ಟು. ಅವರೆಕಾಯಿಯ ಮೊರವನ್ನು ಆಚೆ ತಳ್ಳಿ ಎದ್ದು ಹೋದರು. ಮೂರು ದಿನ ಮಗಳೊಂದಿಗೆ ಮಾತಾಡಲಿಲ್ಲ. ಅನ್ನ ಬಡಿಸುತ್ತಿದ್ದರು, ಸಾರು ಬಡಿಸುತ್ತಿದ್ದರು, ಇನ್ನಷ್ಟು ಬೇಕೇ ಎಂದು ಕೇಳುತ್ತಿರಲಿಲ್ಲ.

ಸಮಿತಿಯ ಸಭೆಯಲ್ಲಿ ತನ್ನದೇ ತಿದ್ದುಪಡಿಯ ವಿರುದ್ಧ ಮಂದಾಕಿನಿ ಎದ್ದು ನಿಂತಾಗ ಹೊಸಗೌಡರು ಬಾಯಿಗಿಟ್ಟ ಚಹಾ ಹಾಗೇ ಹಿಡಿದರು.

“ತಾನಾಗಿ ಕೂಡಿಸೂದು ಬ್ಯಾಡ್ರಿ,” ಎಂದಳು. “ಎರಡೂ ಹೆಸರು ನನ್ನವು, ಒಂದ ಮಾಡ್ರಿ ಅಂತ ಅಕಿ ತಾನ ಬಂದು ಕೇಳಿದ್ರ ಅವತ್ತ ಒಂದ ಮಾಡೂಣು, ಯಾವ ಕಿಟಕಿಗೆ ಬಂದ್ರೂ. ಗದಗದವರಿಗೆ ಅವತ್ತ ಪಿಂಚಣಿ ಶುರು ಆಗ್ತದ. ಕೇಳದಿದ್ರ ಅಕಿ ಇಬ್ಬರಾಗೇ ಇರ್ಲಿ. ಮತ್ತ ಕರೆಯೋಲೆ ಗಂಡನ ಮನಿ ನಂಬರಿಗೆ ಹೋಗೂದು ಇವತ್ತ ಬಂದ್ ಆಗ್ಲಿ.”

“ಹಂಗಾರ ಕರೆಯೋಲೆ ಅಷ್ಟ ಎರಡೂ ಹೆಸರಿಗೆ ಕಳಸಿದ್ರ ಹೆಂಗವಾ?” ಎಂದರು ಹೊಸಗೌಡರು. “ತವರಿನವರು ಪಾಪ, ಹುಡುಕ್ತಿರ್ತಾರ.”

ಅದು ಅವಳು ಒಂದು ತಿಂಗಳಿಂದ ತನ್ನನ್ನು ತಾನೇ ಕೇಳಿಕೊಂಡ ಪ್ರಶ್ನೆ.

“ಎರಡೂ ಕಡೆ ಕಳಸಬೇಕಂದ್ರ ಇಬ್ಬರೂ ಒಬ್ಬಾಕಿನ ಅಂತ ಎಲ್ಲ್ಯೋ ಒಂದ್ ಕಡೆ ಬರದಿಡಬೇಕ್ರಿ. ಬರದಿಟ್ಟಿದ್ದನ್ನ ಓದಾಕ ಎರಡು ಹೆಬ್ಬೆರಳು ಸಾಕು. ಹದಿನೇಳನೇ ಅಭಿಪ್ರಾಯದಾಕಿ ಮೈದುನ ತಾಲ್ಲೂಕು ಆಫೀಸಿನ್ಯಾಗ ಅದಾನ್ರಿ.”

“ತವರಿನವರು?”

“ಕಾಯಬೇಕ್ರಿ,” ಎಂದಳು ಮಂದಾಕಿನಿ. “ಅಕಿಗೆ ಬೇಕನಿಸಿದಾಗ ಅಕಿನ ಕರೀತಾಳ.”

ಹನ್ನೆರಡು ಕೈಗಳು ಅವಳ ಪರ ಎದ್ದವು, ಎರಡು ಏಳಲಿಲ್ಲ. ಇನ್ನು ಅವ್ವ ಯಾವ ತಿಥಿಗೆ ಕೇಳಿದರೂ ಆ ಕರೆ ಬಾಣದ ಬುಡದಲ್ಲೇ ನಿಂತುಬಿಡುತ್ತದೆ, ಅಕ್ಕನಿಗೆ ಮುಟ್ಟುವುದಿಲ್ಲ. ಅಕ್ಕ ತಾನಾಗಿ ಯಾವುದಾದರೂ ಕಿಟಕಿಗೆ ಬಂದು ಎರಡೂ ಹೆಸರು ಹೇಳುವ ತನಕ ಇಲ್ಲ. ಅವಳು ಯಾಕೆ ಹೇಳಿಯಾಳು? ಮಂದಾಕಿನಿ ಮಹಡಿಯ ಮೆಟ್ಟಿಲ ಮೇಲೆ ಕೂತು ಅತ್ತಳು.

ಸಭೆ ಮುಗಿದ ಮೇಲೂ ಕೊಂಡಿಯ ಪದ್ಧತಿಯೊಂದು ಬಾಕಿ ಇರುತ್ತದೆ. ಬಂದ ಪ್ರತಿ ಅಭಿಪ್ರಾಯಕ್ಕೂ ಒಪ್ಪಿದೆ ಅಥವಾ ಒಪ್ಪಿಲ್ಲ ಎಂದು ಬರೆದು, ಕಾರಣ ಕೊಟ್ಟು, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಬರೆದವರು ಯಾರೆಂದು ಕಚೇರಿಗೆ ಗೊತ್ತಿರುವುದಿಲ್ಲ, ಆದರೆ ಬರೆದವರು ಬಂದು ಓದುತ್ತಾರೆ. ಸಾಮಾನ್ಯವಾಗಿ ಒಂದೇ ಥರದವಕ್ಕೆ ಒಂದೇ ಉತ್ತರವನ್ನು ಅಂಟಿಸಿ ಕೈತೊಳೆದುಕೊಳ್ಳುವುದು ರೂಢಿ. ಮಂದಾಕಿನಿ ಆ ಕೆಲಸವನ್ನು ರವಿವಾರ ಮನೆಗೆ ತಂದಳು.

ರಾಧಾಬಾಯಿ ಸ್ವಲ್ಪ ಹೊತ್ತು ದೂರದಿಂದ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ನಲವತ್ತಮೂರನ್ನೂ ನಿಧಾನವಾಗಿ, ತುಟಿ ಅಲುಗಿಸುತ್ತ ಓದಿದರು. ಎರಡು ತಾಸು ಹಿಡಿಯಿತು.

“ಇದರಾಗ ಅಕಿದು ಯಾವುದು?” ಎಂದು ಕೇಳಿದರು.

“ಗೊತ್ತಿಲ್ಲವ್ವಾ. ಅಕಿದು ಅದನೋ ಇಲ್ಲೋ, ಅದೂ ಗೊತ್ತಿಲ್ಲ.”

ರಾಧಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

“ಹಂಗಾರ ಎಲ್ಲಾರಿಗೂ ಬ್ಯಾರೆ ಬ್ಯಾರೆ ಬರಿ,” ಎಂದರು. “ಛಂದಾಗಿ ಬರಿ.”

ಮಂದಾಕಿನಿ ಬರೆಯತೊಡಗಿದಳು. ಸರಕಾರಿ ಉತ್ತರದಲ್ಲಿ ಅಕ್ಕಾ ಎನ್ನುವಂತಿಲ್ಲ, ತಪ್ಪಾಯಿತು ಎನ್ನುವಂತಿಲ್ಲ. ಎರಡು ಸಾಲು ಮೀರುವಂತಿಲ್ಲ. ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಅಭಿಪ್ರಾಯ ಸಂಖ್ಯೆ ಹದಿನೇಳು. ಒಪ್ಪಿದೆ. ತಾವು ಎಲ್ಲಿದ್ದೀರಿ ಎಂಬುದನ್ನು ಇನ್ನು ಮುಂದೆ ನಾವು ಯಾರಿಗೂ ಹೇಳುವುದಿಲ್ಲ.